ಆ ಹೆಸರಿನವರು ಇಲ್ಲಿ ಯಾರೂ ಇಲ್ಲ

ಓಪನ್‌ಎಸ್‌ಎಸ್‌ಎಚ್‌ನ ಹಳೆಯ ಆವೃತ್ತಿಗಳಲ್ಲಿ ಒಂದು ಗದರಿಕೆ ಅಡಗಿತ್ತು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಆ ಪ್ರೋಗ್ರಾಮನ್ನು ಓಡಿಸಿದ ಕೂಡಲೇ ಅದು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ತನ್ನನ್ನು ಓಡಿಸುತ್ತಿರುವವರು ಯಾರು ಎಂದು ವಿಚಾರಿಸುವುದು. ಕರ್ನಲ್‌ಗೆ ಗೊತ್ತಿರುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಗೆ ಸೇರಿದ ಹೆಸರು ಸಿಗದಿದ್ದರೆ ಪರದೆಯ ಮೇಲೆ 'ಯು ಡೋಂಟ್ ಎಕ್ಸಿಸ್ಟ್, ಗೋ ಅವೇ!' ಎಂದು ಬರೆದು ನಿಂತುಬಿಡುತ್ತಿತ್ತು. ನೀನು ಇಲ್ಲವೇ ಇಲ್ಲ, ನಡಿ ಆಚೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಗಿಟ್‌ನ ಮೊದಮೊದಲ ಆವೃತ್ತಿಗಳೂ ಇದೇ ಮಾತಾಡುತ್ತಿದ್ದವು. ಅಲ್ಲಿ ಇನ್ನೂ ಒಂದು ಕೈ ಮುಂದೆ: ಬಳಕೆದಾರನ ಹೆಸರು ಹಿಡಿಸಲಾರದಷ್ಟು ಉದ್ದವಾಗಿದ್ದರೆ, ನಿನ್ನ ಹೆತ್ತವರಿಗೆ ನಿನ್ನನ್ನು ಕಂಡರೆ ಆಗುತ್ತಿರಲಿಲ್ಲ ಅಂತ ಕಾಣುತ್ತದೆ ಎಂಬರ್ಥದ ಸಂದೇಶ ಬರುತ್ತಿತ್ತು.

ಬರೆದವರಿಗೆ ಅದು ತಮಾಷೆ. ಆದರೆ 'ನೀನು ಇಲ್ಲವೇ ಇಲ್ಲ' ಅನ್ನುವುದು ಎಷ್ಟೋ ಸಲ ಸುಳ್ಳು. ಹೆಸರು ಸಿಗದಿರುವುದಕ್ಕೆ ಎರಡು ಕಾರಣ ಇರಬಹುದು. ಪಟ್ಟಿಯನ್ನು ಪೂರ್ತಿ ನೋಡಿಯೂ ಅದರಲ್ಲಿ ಹೆಸರು ಕಾಣದಿರಬಹುದು. ಇಲ್ಲವೇ ಪಟ್ಟಿಯನ್ನೇ ನೋಡಲು ಆಗದಿರಬಹುದು. ನಾಡಕಚೇರಿಯ ಗುಮಾಸ್ತ ಕಡತ ತೆಗೆದು ನೋಡಿ 'ನಿಮ್ಮ ಹೆಸರಿಲ್ಲ' ಅನ್ನುವುದು ಬೇರೆ, ಬೀರುವಿನ ಬೀಗದ ಕೈ ಸಿಗದೆ 'ನಿಮ್ಮ ಹೆಸರಿಲ್ಲ' ಅಂದು ಸಾಗಹಾಕುವುದು ಬೇರೆ. ಕಿಟಕಿಯ ಈಚೆ ನಿಂತವರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಯುನಿಕ್ಸ್‌ನ ಕಿಟಕಿಯ ಈಚೆ ನಿಂತು ಇವೆರಡನ್ನು ಬೇರ್ಪಡಿಸುವುದರಲ್ಲೇ ಪ್ರೋಗ್ರಾಮರ್ ಒಬ್ಬಳ ನೌಕರಿಯ ದೊಡ್ಡ ಪಾಲು ಕಳೆಯಿತು.

ಅವಳು ತಿಪಟೂರಿನ ಕಡೆಯವಳು. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ವೈಟುಕೆ ಗದ್ದಲ ತಣ್ಣಗಾದ ಮೇಲೆ ಬೆಂಗಳೂರಿಗೆ ಬಂದಳು. ಜೊತೆಯವರೆಲ್ಲ ಜಾವಾ ಹಿಡಿದು ದೊಡ್ಡ ದೊಡ್ಡ ಕ್ಯಾಂಪಸ್ಸುಗಳಿಗೆ ಬಸ್ಸು ಹತ್ತುತ್ತಿದ್ದರೆ, ಇವಳಿಗೆ ಸಿಕ್ಕಿದ್ದು ಜಯನಗರದ ಒಂದು ಮನೆಯ ಎರಡನೇ ಮಹಡಿಯಲ್ಲಿದ್ದ ಸಣ್ಣ ಕಂಪನಿ. ಹೊರದೇಶದ ಗಿರಾಕಿಗಳಿಗೆ ಬ್ಯಾಕಪ್ ತಂತ್ರಾಂಶ ಬರೆಯುವುದು ಅವರ ಕಸುಬು. ಭಾಷೆ ಸಿ. ಯಂತ್ರಗಳು ಸೋಲಾರಿಸ್, ಎಐಎಕ್ಸ್, ಎಚ್‌ಪಿ-ಯುಎಕ್ಸ್, ಆಮೇಲೆ ನಿಧಾನವಾಗಿ ಒಳನುಗ್ಗುತ್ತಿದ್ದ ಲಿನಕ್ಸ್. "ಇನ್ನೂ ಸಿ ಹಿಡಿದುಕೊಂಡು ಕೂತಿದೀಯೇನೇ" ಎಂದು ಪಿಜಿಯಲ್ಲಿದ್ದ ಗೆಳತಿಯರು ಆಡಿಕೊಳ್ಳುತ್ತಿದ್ದರು.

ಬ್ಯಾಕಪ್ ಅಂದರೆ ಫೈಲು ನಕಲು ಮಾಡಿಟ್ಟುಕೊಳ್ಳುವುದು, ಅದರಲ್ಲೇನಿದೆ ಅನ್ನಿಸಬಹುದು. ಕಷ್ಟ ಇರುವುದು ವಾಪಸ್ ಹಾಕುವಾಗ. ಫೈಲಿನ ಜೊತೆ ಅದರ ಒಡೆಯ ಯಾರು ಎಂಬುದೂ ವಾಪಸ್ ಬರಬೇಕು. ಟಾರ್ ಕಡತದಲ್ಲಿ ಪ್ರತಿಯೊಂದು ಫೈಲಿನ ತಲೆಬರಹದಲ್ಲಿ ಒಡೆಯನ ಸಂಖ್ಯೆಯೂ ಇರುತ್ತದೆ, ಹೆಸರೂ ಇರುತ್ತದೆ. ಹೆಸರಿಗೆ 32 ಬೈಟಿನ ಜಾಗ. ಎರಡು ಯಾಕೆಂದರೆ, ಒಂದು ಯಂತ್ರದಲ್ಲಿ 1004 ಆಗಿರುವವರು ಇನ್ನೊಂದರಲ್ಲಿ 2310 ಆಗಿರಬಹುದು. ಹಾಗಾಗಿ ವಾಪಸ್ ಹಾಕುವ ಪ್ರೋಗ್ರಾಂ ಮೊದಲು ಹೆಸರನ್ನು ಹಿಡಿದು, ಈ ಯಂತ್ರದಲ್ಲಿ ಆ ಹೆಸರಿನ ಸಂಖ್ಯೆ ಎಷ್ಟು ಎಂದು ಕೇಳುತ್ತದೆ. ಹೆಸರು ಸಿಕ್ಕರೆ ಹೊಸ ಸಂಖ್ಯೆ. ಸಿಗದಿದ್ದರೆ ಕಡತದಲ್ಲಿ ಬರೆದಿಟ್ಟ ಹಳೆಯ ಸಂಖ್ಯೆಯೇ ಗತಿ. ಇವರ ತಂತ್ರಾಂಶವೂ ಇದನ್ನೇ ಮಾಡುತ್ತಿತ್ತು. ಆ ಭಾಗ ಬರೆದವರು ಆಗಲೇ ಅಮೆರಿಕ ಸೇರಿದ್ದರು.

2006ರ ಆಸುಪಾಸಿನಲ್ಲಿ ಒಬ್ಬ ಗಿರಾಕಿಯಿಂದ ದೂರು ಬಂತು. ಕೆಟ್ಟ ಯಂತ್ರದ ಬದಲಿಗೆ ಹೊಸದು ಹಾಕಿ, ರಾತ್ರಿ ಬ್ಯಾಕಪ್‌ನಿಂದ ಎಲ್ಲ ವಾಪಸ್ ತಂದಿದ್ದಾರೆ. ಬೆಳಗ್ಗೆ ನೋಡಿದರೆ ಲೆಕ್ಕಪತ್ರ ವಿಭಾಗದ ಒಬ್ಬರ ಕೆಲವು ಫೈಲುಗಳ ಒಡೆತನ ಗೋದಾಮಿನ ಒಬ್ಬ ನೌಕರನ ಹೆಸರಿನಲ್ಲಿದೆ. ಎಲ್ಲ ಫೈಲುಗಳೂ ಅಲ್ಲ, ಕೆಲವು. ಲಾಗ್‌ನಲ್ಲಿ ಒಂದೇ ಒಂದು ದೋಷವೂ ದಾಖಲಾಗಿಲ್ಲ. ತಂತ್ರಾಂಶದ ಪ್ರಕಾರ ಎಲ್ಲ ಸುಸೂತ್ರ.

'ಕೆಲವು' ಅನ್ನುವ ಪದ ಕೇಳಿದರೆ ಯಾವ ಪ್ರೋಗ್ರಾಮರ್‌ಗಾದರೂ ಹೊಟ್ಟೆ ಚುರ್ ಅನ್ನುತ್ತದೆ. ಎಲ್ಲವೂ ಕೆಟ್ಟಿದ್ದರೆ ಸಲೀಸು. ಕೆಲವು ಕೆಟ್ಟಿದ್ದರೆ, ಕೆಟ್ಟವುಗಳಲ್ಲಿ ಸಮಾನವಾಗಿ ಏನಿದೆ ಎಂದು ಹುಡುಕಬೇಕು. ಡೈರೆಕ್ಟರಿ ಬೇರೆ ಬೇರೆ, ಗಾತ್ರವೂ ಬೇರೆ ಬೇರೆ.

ಸುಳಿವು ಸಿಕ್ಕಿದ್ದು ಸಿ-ಟೈಮ್‌ನಲ್ಲಿ. ಯುನಿಕ್ಸ್‌ನಲ್ಲಿ ಫೈಲಿನ ಒಳಗಿನ ವಿಷಯ ಬದಲಾದ ಹೊತ್ತು ಒಂದು ಕಡೆ ದಾಖಲಾಗುತ್ತದೆ. ಒಡೆತನ, ಅನುಮತಿ ಮುಂತಾದ ವಿವರ ಬದಲಾದ ಹೊತ್ತು ಇನ್ನೊಂದು ಕಡೆ, ಅದೇ ಸಿ-ಟೈಮ್. ಮೊದಲನೆಯದನ್ನು ಬ್ಯಾಕಪ್ ತಂತ್ರಾಂಶ ಹಳೆಯ ತಾರೀಖಿಗೆ ತಿರುಗಿಸಿಬಿಡುತ್ತದೆ. ಎರಡನೆಯದನ್ನು ಹಾಗೆ ಸಲೀಸಾಗಿ ತಿದ್ದಲು ಬರುವುದಿಲ್ಲ, ಅದನ್ನು ಕರ್ನಲ್ ತಾನೇ ಬರೆಯುತ್ತದೆ. ಎಲ್‌ಎಸ್ ಆಜ್ಞೆಗೆ ಮೈನಸ್ ಎಲ್-ಟಿ-ಸಿ ಎಂದು ಕೊಟ್ಟರೆ ಆ ಎರಡನೇ ಹೊತ್ತಿನ ಪ್ರಕಾರ ಪಟ್ಟಿ ಬರುತ್ತದೆ. ಗಿರಾಕಿಯಿಂದ ಆ ಪಟ್ಟಿ ತರಿಸಿ ನೋಡಿದಾಗ, ಒಡೆತನ ತಪ್ಪಿದ ಫೈಲುಗಳೆಲ್ಲ ಒಂದರ ಕೆಳಗೊಂದು ಒತ್ತಾಗಿ ನಿಂತಿದ್ದವು. ಅವುಗಳ ಮುಂಚಿನವೂ ಸರಿ, ಆಮೇಲಿನವೂ ಸರಿ. ನಡುವೆ ಕೆಲವು ನಿಮಿಷಗಳ ಒಂದು ತುಂಡು ಮಾತ್ರ ತಪ್ಪು. ಆ ನಿಮಿಷಗಳಲ್ಲಿ ನಿಮ್ಮಲ್ಲಿ ಏನಾಗಿತ್ತು ಎಂದು ಕೇಳಿದ್ದಕ್ಕೆ ಉತ್ತರ ಸರಳವಾಗಿತ್ತು: ಬಳಕೆದಾರರ ಪಟ್ಟಿ ಇರುವ ಎಲ್‌ಡ್ಯಾಪ್ ಸರ್ವರನ್ನು ರೀಸ್ಟಾರ್ಟ್ ಮಾಡಿದ್ದೆವು, ವಾರಕ್ಕೊಮ್ಮೆ ಮಾಡುತ್ತೇವೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲಿ ಬಳಕೆದಾರರ ಪಟ್ಟಿ ಅಂದರೆ ಇಟಿಸಿ ಡೈರೆಕ್ಟರಿಯ ಪಾಸ್‌ವರ್ಡ್ ಫೈಲು, ಅಷ್ಟೇ. ಒಬ್ಬರಿಗೆ ಒಂದು ಸಾಲು. ಸಾಲಿನಲ್ಲಿ ಕೋಲನ್‌ನಿಂದ ಬೇರ್ಪಟ್ಟ ಏಳು ಭಾಗ: ಲಾಗಿನ್ ಹೆಸರು, ಪಾಸ್‌ವರ್ಡ್, ಬಳಕೆದಾರ ಸಂಖ್ಯೆ, ಗುಂಪಿನ ಸಂಖ್ಯೆ, ಜಿಕೋಸ್, ಹೋಮ್ ಡೈರೆಕ್ಟರಿ, ಶೆಲ್. ಪಾಸ್‌ವರ್ಡ್ ಗೂಢಲಿಪಿಯಲ್ಲಿ ಅಲ್ಲೇ ಎಲ್ಲರ ಕಣ್ಣಿಗೆ ಬೀಳುವಂತೆ ಇರುತ್ತಿತ್ತು. ಈಗ ಅದನ್ನು ಶ್ಯಾಡೋ ಫೈಲಿಗೆ ಸಾಗಿಸಿ ಇಲ್ಲಿ ಒಂದು ಎಕ್ಸ್ ಬರೆದಿರುತ್ತಾರೆ. ಹಾಗೆ ಬಯಲಲ್ಲಿ ಇಟ್ಟಿದ್ದರ ಫಲವಾಗಿ, ಹಳೆಯ ಬಿಎಸ್‌ಡಿ ಯುನಿಕ್ಸ್‌ನ ಸೋರ್ಸ್ ಜೊತೆ ಉಳಿದುಬಂದ ಒಂದು ಪಾಸ್‌ವರ್ಡ್ ಫೈಲನ್ನು ಆಸಕ್ತರು ಬಿಡಿಸುತ್ತಾ ಕೂತು, 2019ರಲ್ಲಿ ಯುನಿಕ್ಸ್ ಸೃಷ್ಟಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್‌ರ ಪಾಸ್‌ವರ್ಡನ್ನೂ ಕಂಡುಹಿಡಿದರು. ಅದು ಚದುರಂಗದ ಒಂದು ಆರಂಭದ ನಡೆ, ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳುವುದು.

ಐದನೇ ಭಾಗದ ಕಥೆ ಇನ್ನೂ ವಿಚಿತ್ರ. ಬೆಲ್ ಲ್ಯಾಬ್ಸ್‌ನವರು ಮುದ್ರಣಕ್ಕೆ, ದೊಡ್ಡ ಲೆಕ್ಕಗಳಿಗೆ ಜಿಕೋಸ್ ಎಂಬ ಬೇರೊಂದು ವ್ಯವಸ್ಥೆಯ ಯಂತ್ರಕ್ಕೆ ಕೆಲಸ ಕಳಿಸುತ್ತಿದ್ದರು. ಅದು ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೂಸು, ಆಮೇಲೆ ಹನಿವೆಲ್ ಪಾಲಾಯಿತು. ಆ ಯಂತ್ರಕ್ಕೆ ಕೊಡಬೇಕಾದ ಗುರುತಿನ ವಿವರವನ್ನು ತುರುಕಲು ಒಂದು ಜಾಗ ಬೇಕಿತ್ತು, ಪಾಸ್‌ವರ್ಡ್ ಫೈಲಿನಲ್ಲಿ ಕೊಟ್ಟರು. ಜಿಕೋಸ್ ಯಂತ್ರಗಳು ಅಲ್ಲಿಂದ ಹೋಗಿ ದಶಕಗಳಾದವು. ಇವತ್ತು ಜೇಬಿನಲ್ಲಿಟ್ಟುಕೊಳ್ಳುವಷ್ಟು ಚಿಕ್ಕ ರಾಸ್ಪ್‌ಬೆರಿ ಪೈನಲ್ಲೂ ಜಿಕೋಸ್ ಭಾಗ ಇದೆ. ಬಳಕೆದಾರನ ಪೂರ್ಣ ಹೆಸರು ಅದರಲ್ಲಿ ಕೂತಿರುತ್ತದೆ.

ಈ ಫೈಲನ್ನು ಓದಿ ಹೆಸರಿನಿಂದ ಸಾಲು ಹುಡುಕಿಕೊಡುವ ಫಂಕ್ಷನ್ ಗೆಟ್‌ಪಿಡಬ್ಲ್ಯುನ್ಯಾಮ್. ಸಂಖ್ಯೆಯಿಂದ ಹುಡುಕಿಕೊಡುವುದು ಗೆಟ್‌ಪಿಡಬ್ಲ್ಯುಯುಐಡಿ. ಎರಡೂ 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲೇ ಇದ್ದವು. ಸಿಕ್ಕರೆ ಸಾಲಿನ ವಿಳಾಸ, ಸಿಗದಿದ್ದರೆ ನಲ್, ಅಂದರೆ ಖಾಲಿ ವಿಳಾಸ. ಅವತ್ತಿಗೆ ಅದು ಸಾಕಿತ್ತು. ಪಟ್ಟಿ ಅದೇ ಯಂತ್ರದ ಡಿಸ್ಕಿನ ಮೇಲಿದ್ದಾಗ 'ಕೇಳಲು ಆಗಲಿಲ್ಲ' ಎಂಬ ಉತ್ತರಕ್ಕೆ ಬೇರೆ ಜಾಗ ಯಾಕೆ ಬೇಕು? ಡಿಸ್ಕೇ ಓದಲು ಬರದ ಯಂತ್ರದಲ್ಲಿ ಯಾರು ಲಾಗಿನ್ ಆಗುತ್ತಾರೆ?

ಆಮೇಲೆ ಪಟ್ಟಿ ಊರು ಬಿಟ್ಟಿತು. 1980ರ ದಶಕದ ನಡುವಿನಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಯೆಲ್ಲೋ ಪೇಜಸ್ ತಂದು, ಒಂದು ಸರ್ವರಿನಲ್ಲಿರುವ ಪಟ್ಟಿಯನ್ನು ನೆಟ್‌ವರ್ಕಿನ ಎಲ್ಲ ಯಂತ್ರಗಳೂ ಕೇಳುವಂತೆ ಮಾಡಿತು. ಆ ಹೆಸರಿನ ಟ್ರೇಡ್‌ಮಾರ್ಕ್ ಬ್ರಿಟನ್ನಿನಲ್ಲಿ ಬ್ರಿಟಿಷ್ ಟೆಲಿಕಾಂನದು. ಹಾಗಾಗಿ ಎನ್‌ಐಎಸ್ ಎಂದು ಬದಲಾಯಿಸಬೇಕಾಯಿತು. ಆದರೆ ಆಜ್ಞೆಗಳ ಹೆಸರು ಇವತ್ತಿಗೂ ವೈಪಿಯಿಂದಲೇ ಶುರುವಾಗುತ್ತವೆ. 1990ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಎಲ್‌ಡ್ಯಾಪ್ ಬಂತು. ಯಾವ ಪಟ್ಟಿಯನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ ಎಂದು ಹೇಳಲು ಎನ್‌ಎಸ್‌ಸ್ವಿಚ್ ಎಂಬ ಫೈಲು ಹುಟ್ಟಿತು. ಒಳಗೆ ಇಷ್ಟೆಲ್ಲ ಬದಲಾದರೂ ಗೆಟ್‌ಪಿಡಬ್ಲ್ಯುನ್ಯಾಮ್ ಮಾತ್ರ ಹಾಗೇ ಉಳಿಯಿತು. ಸಿಕ್ಕರೆ ವಿಳಾಸ, ಸಿಗದಿದ್ದರೆ ನಲ್. ಎಲ್‌ಡ್ಯಾಪ್ ಸರ್ವರ್ ಮಲಗಿದ್ದರೂ ನಲ್ಲೇ.

ನಲ್ ಬಂದಾಗ ಎರ್‌ನೋ ಎಂಬ ಸಂಖ್ಯೆಯನ್ನು ನೋಡಿ ಕಾರಣ ತಿಳಿಯಬಹುದಲ್ಲ ಎನ್ನುವುದು ಪುಸ್ತಕದ ಬದನೆಕಾಯಿ. ಲಿನಕ್ಸಿನ ಮ್ಯಾನುಯಲ್ ಪುಟವೇ ಕೈಚೆಲ್ಲಿದೆ: ಹೆಸರು ಸಿಗದಿರುವುದನ್ನು ಯುನಿಕ್ಸ್‌ಗಳ ಮಾನಕವಾದ ಪೋಸಿಕ್ಸ್ ದೋಷ ಎಂದು ಪರಿಗಣಿಸುವುದಿಲ್ಲ, ಹಾಗಾಗಿ ಎರ್‌ನೋದಲ್ಲಿ ಏನಿರಬೇಕೆಂದೂ ಹೇಳುವುದಿಲ್ಲ. ಬೇರೆ ಬೇರೆ ಯುನಿಕ್ಸ್‌ಗಳ ಮೇಲೆ ಪ್ರಯೋಗ ಮಾಡಿದಾಗ ಸೊನ್ನೆ, ಇನೋಎಂಟ್, ಇಎಸ್‌ಆರ್‌ಸಿಎಚ್, ಇಬ್ಯಾಡ್‌ಎಫ್, ಇಪರ್ಮ್ ಹೀಗೆ ನಾನಾ ಥರದ ಉತ್ತರ ಬಂದಿವೆ ಎಂದು ಅದೇ ಪುಟದಲ್ಲಿದೆ. ಕೊನೆಯದಂತೂ 'ನಿನಗೆ ಅನುಮತಿ ಇಲ್ಲ' ಎಂಬರ್ಥದ್ದು. ಇಲ್ಲದ ಮನುಷ್ಯನನ್ನು ಹುಡುಕಲು ಯಾರ ಅನುಮತಿ ಬೇಕೋ.

ಲ್ಯಾಬಿನಲ್ಲಿ ಗಿರಾಕಿಯ ಪರಿಸ್ಥಿತಿಯನ್ನು ಮತ್ತೆ ಹುಟ್ಟಿಸಬೇಕಿತ್ತು. ವಾಪಸ್ ಹಾಕುವ ಕೆಲಸ ಶುರು ಮಾಡಿ, ನಡುವೆ ಎಲ್‌ಡ್ಯಾಪ್ ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತರು. ಒಡೆತನ ತಪ್ಪಬೇಕಿತ್ತಲ್ಲ? ತಪ್ಪಲಿಲ್ಲ. ಪ್ರೋಗ್ರಾಂ ಸುಮ್ಮನೆ ನಿಂತುಬಿಟ್ಟಿತು. ಪಕ್ಕದ ಟರ್ಮಿನಲ್‌ನಲ್ಲಿ ಎಲ್‌ಎಸ್ ಹೊಡೆದರೆ ಫೈಲುಗಳ ಪಟ್ಟಿ ಥಟ್ಟನೆ ಬರುತ್ತದೆ, ಎಲ್‌ಎಸ್ ಮೈನಸ್ ಎಲ್ ಹೊಡೆದರೆ ಅದೂ ನಿಲ್ಲುತ್ತದೆ. ಮೈನಸ್ ಎಲ್ ಕೊಟ್ಟರೆ ಒಡೆಯನ ಹೆಸರು ತೋರಿಸಬೇಕು. ತೋರಿಸಲು ಗೆಟ್‌ಪಿಡಬ್ಲ್ಯುಯುಐಡಿ ಕರೆಯಬೇಕು. ಅದು ಎಲ್‌ಡ್ಯಾಪ್ ಬಾಗಿಲಿಗೆ ಹೋಗಿ ಕಾಯುತ್ತದೆ. ಮೈನಸ್ ಎಲ್ ಬದಲು ಮೈನಸ್ ಎನ್ ಕೊಟ್ಟರೆ ಸಂಖ್ಯೆ ಮಾತ್ರ ತೋರಿಸಿ ಥಟ್ಟನೆ ಮುಗಿಯುತ್ತದೆ. ಈ ಮೂರು ಆಜ್ಞೆಗಳನ್ನು ಒಂದಾದ ಮೇಲೊಂದು ಹೊಡೆದು ನೋಡುವುದನ್ನು ಅವಳು ಅವತ್ತು ಕಲಿತಳು. ಈಗಲೂ ಯಾರಾದರೂ 'ಸಿಸ್ಟಂ ಸ್ಲೋ ಇದೆ' ಅಂದರೆ ಮೊದಲು ಮಾಡಿಸುವುದು ಅದನ್ನೇ.

ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ಸಾಲುಸಾಲಾಗಿ ತೋರಿಸುವ ಎಸ್‌ಟ್ರೇಸ್ ಹಾಕಿ ನೋಡಿದರು. ಮೊದಲು ಎನ್‌ಎಸ್‌ಸಿಡಿ ಎಂಬ ಕ್ಯಾಶ್‌ನ ಸಾಕೆಟ್ ಹುಡುಕಿತು, ಅಂಥ ಫೈಲಿಲ್ಲ ಎಂಬ ಉತ್ತರ ಬಂತು. ಎನ್‌ಎಸ್‌ಸ್ವಿಚ್ ತೆರೆಯಿತು. ಲಿಬ್‌ಎನ್‌ಎಸ್‌ಎಸ್ ಹೆಸರಿನ ಲೈಬ್ರರಿಗಳನ್ನು ಒಂದೊಂದಾಗಿ ಎಳೆದುಕೊಂಡಿತು. ಪಾಸ್‌ವರ್ಡ್ ಫೈಲು ಓದಿತು. ಆಮೇಲೆ 389ನೇ ಪೋರ್ಟಿಗೆ ಕನೆಕ್ಟ್. ಅಲ್ಲಿಗೆ ಸಾಲು ಅರ್ಧಕ್ಕೆ ನಿಂತಿತ್ತು. ಸಿಸ್ಟಂ ಲಾಗ್‌ನಲ್ಲಿ ಎಲ್‌ಡ್ಯಾಪ್ ಸರ್ವರಿಗೆ ಮತ್ತೆ ಯತ್ನಿಸುತ್ತಿದ್ದೇನೆ, 4 ಸೆಕೆಂಡ್ ಮಲಗುತ್ತೇನೆ ಎಂದಿತ್ತು. ಆಮೇಲೆ 8, 16, 32, 64.

ಅಷ್ಟರಲ್ಲಿ ಯಾರೋ ಟರ್ಮಿನಲ್ ಮುಚ್ಚಿದರು. ಮತ್ತೆ ಯಂತ್ರದ ಸರ್ವಾಧಿಕಾರಿಯಾದ ರೂಟ್ ಆಗಿ ಲಾಗಿನ್ ಆಗಲು ಹೋದರೆ ಪಾಸ್‌ವರ್ಡ್ ತೆಗೆದುಕೊಂಡು ಯಂತ್ರ ಮೌನ.

"ಸಾರ್, ರೂಟ್ ಇರೋದು ಲೋಕಲ್ ಫೈಲಲ್ಲಿ. ಅದಕ್ಯಾಕೆ ಎಲ್‌ಡ್ಯಾಪ್ ಬೇಕು?" ಎಂದು ಅವಳು ಕೇಳಿದಳು.

ಹಿರಿಯ ಸಹೋದ್ಯೋಗಿ, ಪಾವಗಡದವರು, ಕುರ್ಚಿಯಿಂದ ಏಳದೆ ಹೇಳಿದರು: "ರೂಟ್ ಯಾರು ಅಂತ ಗೊತ್ತಾಯ್ತಮ್ಮಾ. ಅವನು ಯಾವ್ಯಾವ ಗುಂಪಲ್ಲಿದಾನೆ ಅಂತ ಗೊತ್ತಾಗ್ಬೇಕಲ್ಲ?"

ಅದೇ ನಿಜವಾಗಿತ್ತು. ಹೆಸರು ಹುಡುಕುವಾಗ ಮೊದಲ ಪಟ್ಟಿಯಲ್ಲಿ ಸಿಕ್ಕರೆ ಅಲ್ಲಿಗೇ ಮುಗಿಯುತ್ತದೆ. ಆದರೆ ಒಬ್ಬ ಬಳಕೆದಾರ ಯಾವ ಯಾವ ಗುಂಪುಗಳಲ್ಲಿದ್ದಾನೆ ಎಂದು ತಿಳಿಯಲು ಎಲ್ಲ ಪಟ್ಟಿಗಳನ್ನೂ ಕೇಳಿ ಕೂಡಿಸಬೇಕು. ಇನಿಟ್‌ಗ್ರೂಪ್ಸ್ ಎಂಬ ಫಂಕ್ಷನ್ ಅದನ್ನು ಮಾಡುತ್ತದೆ. ಹಾಗಾಗಿ ಎಲ್‌ಡ್ಯಾಪ್ ಕೆಟ್ಟಾಗ ಅದನ್ನು ಸರಿಮಾಡಬೇಕಾದ ರೂಟ್‌ಗೇ ಒಳಗೆ ಬರಲು ಆಗುತ್ತಿರಲಿಲ್ಲ. ಆ ಕಾಲದ ಎಷ್ಟೋ ಕಚೇರಿಗಳಲ್ಲಿ ಸರ್ವರುಗಳು ಬೂಟ್ ಆಗುವಾಗಲೇ ಹೀಗೆ ಕಾದು ಕೂರುತ್ತಿದ್ದವು. ನೆಟ್‌ವರ್ಕ್ ಇನ್ನೂ ಎದ್ದಿಲ್ಲ, ಗುಂಪಿನ ಹೆಸರು ಬೇಕು. ಇದಕ್ಕಾಗಿಯೇ ಎಲ್‌ಡ್ಯಾಪನ್ನು ಕೇಳುವ ಎನ್‌ಎಸ್‌ಎಸ್-ಎಲ್‌ಡ್ಯಾಪ್ ಲೈಬ್ರರಿಯಲ್ಲಿ ಒಂದು ಸೂಚನೆ ಬಂತು: ಇನಿಟ್‌ಗ್ರೂಪ್ಸ್ ವಿಷಯದಲ್ಲಿ ಇಂಥಿಂಥ ಬಳಕೆದಾರರಿಗೆ ಎಲ್‌ಡ್ಯಾಪನ್ನು ಕೇಳಲೇಬೇಡ ಎಂದು ಹೆಸರು ಬರೆಯುವುದು. ಪಟ್ಟಿಯಲ್ಲಿ ಮೊದಲು ಬರೆಯುವ ಹೆಸರು ರೂಟ್‌ನದೇ.

"ಈಗೇನ್ ಮಾಡೋದು ಸಾರ್?"

"ವೈರ್ ವಾಪಸ್ ಹಾಕಮ್ಮಾ."

ಲ್ಯಾಬಿನಲ್ಲಿ ಯಾಕೆ ಒಡೆತನ ತಪ್ಪಲಿಲ್ಲ ಎಂಬುದಕ್ಕೆ ಉತ್ತರ ಗಿರಾಕಿಯ ಸೆಟ್ಟಿಂಗ್ ಫೈಲಿನಲ್ಲಿತ್ತು. ಅವರ ಅಡ್ಮಿನ್ ಇಂಥದ್ದೇ ಬೂಟ್ ತೊಂದರೆಯಲ್ಲಿ ಬೆಂದು, ಬೈಂಡ್ ಪಾಲಿಸಿಯನ್ನು ಹಾರ್ಡ್‌ನಿಂದ ಸಾಫ್ಟ್‌ಗೆ ಬದಲಾಯಿಸಿದ್ದರು. ಹಾರ್ಡ್ ಅಂದರೆ ಎಲ್‌ಡ್ಯಾಪ್ ಸಿಗುವವರೆಗೂ ಕಾಯುವುದು. ಸಾಫ್ಟ್ ಅಂದರೆ ಸಿಗದಿದ್ದರೆ ತಕ್ಷಣ ಕೈ ಎತ್ತುವುದು. ಕೈ ಎತ್ತಿದಾಗ ನಲ್ ಬಂತು. ಬ್ಯಾಕಪ್ ತಂತ್ರಾಂಶ ನಲ್ ನೋಡಿ, ಈ ಹೆಸರಿನವರು ಇಲ್ಲ ಎಂದುಕೊಂಡು, ಹಳೆಯ ಸಂಖ್ಯೆ 1004 ಹಾಕಿತು. ಹೊಸ ಯಂತ್ರದಲ್ಲಿ 1004 ಗೋದಾಮಿನವನು.

ತಿದ್ದುಪಡಿ ಸುಲಭ ಎಂದು ಎಲ್ಲರಿಗೂ ಅನ್ನಿಸಿತು. ಕರೆಯುವ ಮುಂಚೆ ಎರ್‌ನೋವನ್ನು ಸೊನ್ನೆ ಮಾಡುವುದು. ಇಲ್ಲವೇ ಇನ್ನೂ ಒಳ್ಳೆಯದು, ಅಂಡರ್‌ಸ್ಕೋರ್ ಆರ್ ಎಂಬ ಬಾಲವಿರುವ ಹೊಸ ಫಂಕ್ಷನ್ ಬಳಸುವುದು. ಅದು ಉತ್ತರವನ್ನೂ ದೋಷದ ಸಂಖ್ಯೆಯನ್ನೂ ಬೇರೆ ಬೇರೆ ದಾರಿಯಲ್ಲಿ ಕೊಡುತ್ತದೆ. ದೋಷ ಇಲ್ಲದೆ ಉತ್ತರ ಖಾಲಿ ಇದ್ದರೆ ನಿಜವಾಗಿಯೂ ಇಲ್ಲ. ದೋಷ ಇದ್ದರೆ ಕೇಳಲು ಆಗಲಿಲ್ಲ. ಹಳೆಯದರ ಇನ್ನೊಂದು ಕಾಯಿಲೆಯೂ ಇದರಿಂದ ವಾಸಿ. ಹಳೆಯ ಫಂಕ್ಷನ್ ಉತ್ತರವನ್ನು ಒಂದೇ ಜಾಗದಲ್ಲಿ ಬರೆಯುತ್ತಿತ್ತು. ಒಂದೇ ಪ್ರಿಂಟ್‌ಎಫ್ ಸಾಲಿನಲ್ಲಿ ಇಬ್ಬರ ಹೆಸರು ಹುಡುಕಿಸಿ ಮುದ್ರಿಸಿದರೆ ಒಬ್ಬರ ಹೆಸರೇ ಎರಡು ಸಲ ಬರುತ್ತಿತ್ತು. ಹೊಸದಕ್ಕೆ ನಾವೇ ಜಾಗ ಕೊಡಬೇಕು. ಎಷ್ಟು ಜಾಗ ಎಂದು ಕೇಳಿದರೆ ಲಿನಕ್ಸಿನ ಸಿ ಲೈಬ್ರರಿಯಾದ ಗ್ಲಿಬ್‌ಸಿ 1024 ಅನ್ನುತ್ತದೆ. ನೂರಾರು ಜನರಿರುವ ಗುಂಪಿನ ವಿವರ ಅದರಲ್ಲಿ ಹಿಡಿಸುವುದಿಲ್ಲ, ಇರೇಂಜ್ ಎಂಬ ದೋಷ ಕೊಟ್ಟು ಮುಖ ತಿರುಗಿಸುತ್ತದೆ. ಜಾಗ ಇಮ್ಮಡಿ ಮಾಡಿ ಮತ್ತೆ ಕೇಳಬೇಕು.

ಬರೆದು, ಸಾಫ್ಟ್ ಪಾಲಿಸಿ ಹಾಕಿ, ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರು. ಸರ್ವರ್ ಬಿದ್ದ ಕೂಡಲೇ ದೋಷ ಹಿಡಿದು ನಿಂತಿತು. ಗಿರಾಕಿಗೆ ಕಳಿಸಿದರು. ಅಲ್ಲಿ ಪ್ರಯೋಜನವಾಗಲಿಲ್ಲ.

ಇಡೀ ಕಥೆಯಲ್ಲಿ ಅವಳಿಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿರುವುದು ಈ ಘಟ್ಟ. ಎರಡು ಎನ್‌ಎಸ್‌ಸ್ವಿಚ್ ಫೈಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸ ಇದ್ದದ್ದು ಒಂದೇ ಸಾಲಿನಲ್ಲಿ. ಲ್ಯಾಬಿನಲ್ಲಿ ಮೊದಲು ಫೈಲ್ಸ್, ಆಮೇಲೆ ಎಲ್‌ಡ್ಯಾಪ್. ಗಿರಾಕಿಯಲ್ಲಿ ಮೊದಲು ಎಲ್‌ಡ್ಯಾಪ್, ಆಮೇಲೆ ಫೈಲ್ಸ್. ಗ್ಲಿಬ್‌ಸಿಯ ಸಹಜ ನಡವಳಿಕೆ ಏನೆಂದರೆ, ಒಂದು ಮೂಲ ಸಿಗದಿದ್ದರೆ ಮುಂದಿನದನ್ನು ಕೇಳುವುದು. ಕೊನೆಗೆ ಕೇಳಿದ ಮೂಲದ ಉತ್ತರವೇ ಇಡೀ ಉತ್ತರ. ಲ್ಯಾಬಿನಲ್ಲಿ ಕೊನೆಯದು ಎಲ್‌ಡ್ಯಾಪ್, ಅದು 'ನಾನು ಲಭ್ಯವಿಲ್ಲ' ಅಂದದ್ದು ಮೇಲಕ್ಕೆ ಬಂತು. ಗಿರಾಕಿಯ ಯಂತ್ರದಲ್ಲಿ ಎಲ್‌ಡ್ಯಾಪ್ ಮೊದಲು 'ಲಭ್ಯವಿಲ್ಲ' ಅಂದಿತು. ಆಮೇಲೆ ಲೋಕಲ್ ಫೈಲನ್ನು ಕೇಳಿದಾಗ ಅದು ಪ್ರಾಮಾಣಿಕವಾಗಿ 'ನನ್ನಲ್ಲಿಲ್ಲ' ಅಂದಿತು. ಮೇಲಕ್ಕೆ ಬಂದದ್ದು ಎರಡನೆಯದು. ಮೊದಲನೆಯದು ದಾರಿಯಲ್ಲೇ ಕಳೆದುಹೋಯಿತು. ಎರ್‌ನೋವನ್ನು ಎಷ್ಟು ಎಚ್ಚರದಿಂದ ನೋಡಿದರೂ ಅದರಲ್ಲಿ ಇಲ್ಲದ್ದು ಕಾಣುವುದಿಲ್ಲ.

ಎನ್‌ಎಸ್‌ಸ್ವಿಚ್‌ನಲ್ಲೇ ಇದಕ್ಕೊಂದು ಮದ್ದಿದೆ. ಎಲ್‌ಡ್ಯಾಪ್ ಪದದ ಮುಂದೆ ಚೌಕ ಆವರಣದಲ್ಲಿ, ಲಭ್ಯವಿಲ್ಲದಿದ್ದರೆ ಅಲ್ಲಿಗೇ ನಿಲ್ಲು ಎಂದು ಬರೆಯಬಹುದು. ಆದರೆ ಹಾಗೆ ಬರೆದರೆ ಎಲ್‌ಡ್ಯಾಪ್ ಬಿದ್ದಾಗ ಲೋಕಲ್ ಫೈಲನ್ನು ಯಾರೂ ಕೇಳುವುದೇ ಇಲ್ಲ, ರೂಟ್ ಕೂಡ 'ಇಲ್ಲ' ಆಗುತ್ತಾನೆ. ಯಾವ ಅಡ್ಮಿನ್ ಒಪ್ಪುತ್ತಾನೆ? ಗಿರಾಕಿಯವರು ಒಪ್ಪಲಿಲ್ಲ, ಸರಿಯೇ.

ಕೊನೆಗೆ ನಿರ್ಧಾರವಾದದ್ದು ತಂತ್ರಾಂಶದ ನಡವಳಿಕೆಯನ್ನೇ ಬದಲಾಯಿಸುವುದು. ಹೆಸರು ಸಿಗದಿದ್ದರೆ ಹಳೆಯ ಸಂಖ್ಯೆ ಹಾಕುವುದು ಬೇಡ. ಫೈಲನ್ನು ರೂಟ್ ಹೆಸರಿನಲ್ಲಿಟ್ಟು, ಬೇರೆಯವರಿಗೆ ಓದಲು ಬರದಂತೆ ಮಾಡಿ, ವರದಿಯಲ್ಲಿ ಹೆಸರು ಬರೆಯುವುದು. ಅಡ್ಮಿನ್ ಆಮೇಲೆ ನೋಡಿ ಒಡೆತನ ಕೊಡಲಿ. ಸಪೋರ್ಟ್ ವಿಭಾಗದವರು ಕೂಗಾಡಿದರು. ವರ್ಷಾನುಗಟ್ಟಲೆ ನಡೆದುಕೊಂಡು ಬಂದದ್ದನ್ನು ಬದಲಾಯಿಸಿದರೆ ಫೋನುಗಳ ಸುರಿಮಳೆ ಎಂದರು. ಫೋನುಗಳು ಬಂದವು ಕೂಡ. ಹಳೆಯ ರೀತಿ ಬೇಕೆನ್ನುವವರಿಗೆ ಒಂದು ಆಯ್ಕೆ ಕೊಟ್ಟರು, ಆದರೆ ಅದನ್ನು ತಾವಾಗಿ ಆನ್ ಮಾಡಿಕೊಳ್ಳಬೇಕು. ಅವಳ ಅಭಿಪ್ರಾಯದಲ್ಲಿ ಆ ಆಯ್ಕೆಯನ್ನೂ ಕೊಡಬಾರದಿತ್ತು.

ಮುಂದಿನ ವರ್ಷಗಳಲ್ಲಿ ಕಂಪನಿ ಬದಲಾಯಿತು, ಯಂತ್ರಗಳು ಬದಲಾದವು. ಅದೇ ತೊಂದರೆ ಬೇರೆ ವೇಷದಲ್ಲಿ ಬರುತ್ತಿತ್ತು. ಹೊಸಬನೊಬ್ಬ ಕೆಲಸಕ್ಕೆ ಸೇರಿದ ದಿನ ಖಾತೆ ಆಗುವ ಮುಂಚೆಯೇ ಆತುರಪಟ್ಟು ಲಾಗಿನ್ ಆಗಲು ನೋಡುತ್ತಾನೆ. ಆಮೇಲೆ ಖಾತೆ ಮಾಡಿದರೂ ಯಂತ್ರ ಇಲ್ಲ ಅನ್ನುತ್ತಲೇ ಇರುತ್ತದೆ. ಅಷ್ಟರಲ್ಲಿ ಅವನು ಇವಳ ಮೇಜಿನ ಹತ್ತಿರ ಬಂದು "ಮೇಡಂ, ಆಗ್ತಿಲ್ಲ" ಎಂದು ತೋರಿಸಲು ಹೋದರೆ ಆಗಿಬಿಡುತ್ತದೆ. ಕ್ಯಾಶ್‌ಗಳು ಇರುವವರನ್ನು ಮಾತ್ರವಲ್ಲ, ಇಲ್ಲದವರನ್ನೂ ನೆನಪಿಟ್ಟುಕೊಳ್ಳುತ್ತವೆ. ಎನ್‌ಎಸ್‌ಸಿಡಿಯ ಮಾಮೂಲು ಸೆಟ್ಟಿಂಗಿನಲ್ಲಿ ಇರುವವರ ನೆನಪು 600 ಸೆಕೆಂಡ್, ಇಲ್ಲದವರದು 20 ಸೆಕೆಂಡ್. ಅದರ ಜಾಗಕ್ಕೆ ಬಂದ ಎಸ್‌ಎಸ್‌ಎಸ್‌ಡಿಯಲ್ಲಿ ಇಲ್ಲದವರ ನೆನಪು 15 ಸೆಕೆಂಡ್. ಅದರಲ್ಲಿ ಇನ್ನೊಂದು ಬೇಸ್ತು ಬೀಳಿಸುವ ಗುಣವೂ ಇದೆ. ಗೆಟ್‌ಎಂಟ್ ಆಜ್ಞೆಗೆ ಒಬ್ಬರ ಹೆಸರು ಕೊಟ್ಟರೆ ಸಾಲು ಬರುತ್ತದೆ, ಹೆಸರು ಕೊಡದೆ ಪೂರ್ತಿ ಪಟ್ಟಿ ಕೇಳಿದರೆ ಅದೇ ವ್ಯಕ್ತಿ ಕಾಣುವುದಿಲ್ಲ. ದೊಡ್ಡ ಸಂಸ್ಥೆಗಳ ಪಟ್ಟಿಯನ್ನು ಪೂರ್ತಿ ಎಳೆದರೆ ಸರ್ವರಿಗೆ ಹೊರೆ ಎಂದು ಎಸ್‌ಎಸ್‌ಎಸ್‌ಡಿ ಅದನ್ನು ತಾನಾಗಿ ಮಾಡುವುದಿಲ್ಲ. ಇದನ್ನು ತಿಳಿಯದವರು ಪಟ್ಟಿ ನೋಡಿ ಎಲ್‌ಡ್ಯಾಪ್ ಕೆಟ್ಟಿದೆ ಎಂದು ತೀರ್ಮಾನಿಸಿ ದಿನಗಟ್ಟಲೆ ಹಾಳು ಮಾಡಿದ್ದನ್ನು ಅವಳು ನೋಡಿದ್ದಾಳೆ. ಮ್ಯಾಕ್‌ನಲ್ಲಂತೂ ಪಾಸ್‌ವರ್ಡ್ ಫೈಲನ್ನು ತೆರೆದರೆ, ಒಂಟಿ ಬಳಕೆದಾರರ ಸ್ಥಿತಿಯಲ್ಲಿ ಬಿಟ್ಟು ಉಳಿದಂತೆ ನನ್ನನ್ನು ನೇರವಾಗಿ ಯಾರೂ ನೋಡುವುದಿಲ್ಲ ಎಂಬ ಟಿಪ್ಪಣಿ ಅದರ ನೆತ್ತಿಯಲ್ಲೇ ಇದೆ.

ಕಂಟೇನರುಗಳು ಬಂದ ಮೇಲೆ ಪಟ್ಟಿಯೇ ಇಲ್ಲದ ಯಂತ್ರಗಳು ಹುಟ್ಟಿದವು. ಓಪನ್‌ಶಿಫ್ಟ್‌ನಂಥ ವ್ಯವಸ್ಥೆಗಳು ಭದ್ರತೆಗಾಗಿ ಕಂಟೇನರನ್ನು ಯಾವುದೋ ದೊಡ್ಡ ಸಂಖ್ಯೆಯ ಬಳಕೆದಾರನಾಗಿ ಓಡಿಸುತ್ತವೆ. ಮೊದಲೆಲ್ಲ ಒಳಗಿನ ಪಾಸ್‌ವರ್ಡ್ ಫೈಲಿನಲ್ಲಿ ಆ ಸಂಖ್ಯೆಯವರು ಯಾರೂ ಇರುತ್ತಿರಲಿಲ್ಲ. ಬ್ಯಾಶ್ ತೆರೆದರೆ ಪ್ರಾಂಪ್ಟ್‌ನಲ್ಲಿ ಹೆಸರಿನ ಜಾಗದಲ್ಲಿ 'ಐ ಹ್ಯಾವ್ ನೋ ನೇಮ್!' ಎಂದು ಬರುತ್ತಿತ್ತು. ಅವಳ ತಂಡಕ್ಕೆ ಬಂದ ಹುಡುಗರಿಗೆ ಅದೊಂದು ಜೋಕು, ಟೀಶರ್ಟಿನ ಮೇಲೆ ಹಾಕಿಸಿಕೊಳ್ಳೋಣ ಅನ್ನುತ್ತಿದ್ದರು. ಇನ್ನೊಂದು ಕಡೆ, ಗೋ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು, ಸಿ ಕೋಡಿಗೆ ಕೊಂಡಿ ಹಾಕುವ ಸಿಗೋ ಇಲ್ಲದೆ ಕಂಪೈಲ್ ಮಾಡಿದರೆ ಅದು ಎನ್‌ಎಸ್‌ಸ್ವಿಚ್ ಗೊಡವೆಗೇ ಹೋಗದೆ ಪಾಸ್‌ವರ್ಡ್ ಫೈಲನ್ನು ಮಾತ್ರ ಓದುತ್ತದೆ. ಆಲ್ಪೈನ್ ಲಿನಕ್ಸಿನ ಮಸಲ್ ಲೈಬ್ರರಿಯಲ್ಲಿ, ಎನ್‌ಎಸ್‌ಸ್ವಿಚ್ ಓದಿ ಪಟ್ಟಿಗಳನ್ನು ಕೇಳುವ ಎನ್‌ಎಸ್‌ಎಸ್ ವ್ಯವಸ್ಥೆಯೇ ಇಲ್ಲ. ಒಂದೇ ಯಂತ್ರ, ಒಂದೇ ಹೆಸರು, ಎರಡು ಪ್ರೋಗ್ರಾಂ. ಒಂದಕ್ಕೆ ಆ ಮನುಷ್ಯ ಇದ್ದಾನೆ, ಇನ್ನೊಂದಕ್ಕೆ ಇಲ್ಲ.

ಹೆಸರು ಹುಡುಕುವುದು ಅಂದರೆ ಲೈಬ್ರರಿಯೊಂದನ್ನು ಎಳೆದುಕೊಂಡು ಅದರ ಕೋಡ್ ಓಡಿಸುವುದು ಎಂದು ಎಸ್‌ಟ್ರೇಸ್‌ನಲ್ಲಿ ಅವಳು ಎಂದೋ ಕಂಡಿದ್ದಳು. ಅದು ಎಷ್ಟು ಅಪಾಯ ಎಂದು ಜಗತ್ತಿಗೆ ಗೊತ್ತಾದದ್ದು ತಡವಾಗಿ. 2019ರಲ್ಲಿ ಡಾಕರ್‌ನ ಸಿಪಿ ಆಜ್ಞೆಯಲ್ಲಿ ಒಂದು ತೂತು ಸಿಕ್ಕಿತು. ಅದರ ಸಹಾಯಕ ಪ್ರೋಗ್ರಾಂ ರೂಟ್ ಅಧಿಕಾರದಲ್ಲಿದ್ದುಕೊಂಡು, ಕಂಟೇನರಿನ ಡೈರೆಕ್ಟರಿಯೊಳಕ್ಕೆ ಹೊಕ್ಕ ಮೇಲೆ, ಲಿಬ್‌ಎನ್‌ಎಸ್‌ಎಸ್ ಲೈಬ್ರರಿಗಳನ್ನು ಕಂಟೇನರಿನ ಒಳಗಿನಿಂದಲೇ ಎಳೆದುಕೊಳ್ಳುತ್ತಿತ್ತು. ಕಂಟೇನರಿನವನು ಅಲ್ಲಿ ತನ್ನದೇ ಲೈಬ್ರರಿ ಇಟ್ಟಿದ್ದರೆ ಹೊರಗಿನ ಯಂತ್ರ ಅವನ ಕೈಗೆ.

2025ರ ಜೂನ್ ಕೊನೆಯಲ್ಲಿ, ಅನುಮತಿ ಇರುವವರಿಗೆ ರೂಟ್ ಅಧಿಕಾರದಲ್ಲಿ ಆಜ್ಞೆ ಓಡಿಸಿಕೊಡುವ ಸುಡೊ ಸರದಿ. ಸುಡೊದಲ್ಲಿ ಒಂದು ಡೈರೆಕ್ಟರಿಯನ್ನೇ ಬೇರು ಎಂದು ತೋರಿಸಿ ಆಜ್ಞೆ ಓಡಿಸುವ ಆಯ್ಕೆ ಇದೆ. 1.9.14ನೇ ಆವೃತ್ತಿಯಿಂದ, ಬಳಕೆದಾರನಿಗೆ ಅನುಮತಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಮುಂಚೆಯೇ ಸುಡೊ ಆ ಡೈರೆಕ್ಟರಿಯೊಳಕ್ಕೆ ಹೋಗುತ್ತಿತ್ತು. ಹೋದ ಮೇಲೆ ಹೆಸರು ಹುಡುಕಲು ಎನ್‌ಎಸ್‌ಸ್ವಿಚ್ ಬೇಕಲ್ಲ, ಅದನ್ನೂ ಆ ಡೈರೆಕ್ಟರಿಯಿಂದಲೇ ಓದುತ್ತಿತ್ತು. ಯಾವ ಅಧಿಕಾರವೂ ಇಲ್ಲದವನು ತನ್ನ ಡೈರೆಕ್ಟರಿಯಲ್ಲಿ ಒಂದು ಸಾಲಿನ ಎನ್‌ಎಸ್‌ಸ್ವಿಚ್ ಬರೆದು, ಅದರಲ್ಲಿ ತಾನೇ ಬರೆದ ಲೈಬ್ರರಿಯ ಹೆಸರು ಕೊಟ್ಟರೆ ರೂಟ್ ಆಗಿಬಿಡುತ್ತಿದ್ದ. 1.9.17ಪಿ1 ಆವೃತ್ತಿಯಲ್ಲಿ ಇದನ್ನು ಮುಚ್ಚಿದರು.

ಸುದ್ದಿ ಬಂದ ದಿನ ಅವಳ ತಂಡದಲ್ಲಿ ಎಲ್ಲ ಯಂತ್ರಗಳ ಸುಡೊ ಆವೃತ್ತಿ ಪಟ್ಟಿ ಮಾಡಿದರು. ಉಬುಂಟು 24.04 ಇದ್ದವು ಸಿಕ್ಕಿಬಿದ್ದವು, ಅವಕ್ಕೆ ಕೂಡಲೇ ಪ್ಯಾಚ್ ಹಾಕಿದರು. ಒಂದು ಮೂಲೆಯಲ್ಲಿದ್ದ ಡೆಬಿಯನ್ 12ರ ಯಂತ್ರದಲ್ಲಿ ಸುಡೊ 1.9.13. ತೂತು ಹುಟ್ಟುವ ಮುಂಚಿನದು. "ಹಳೇದಾಗಿದ್ದಕ್ಕೇ ಬಚಾವಾಯ್ತು ಮೇಡಂ, ಇದನ್ನ ಮುಟ್ಟೋದು ಬೇಡ ಬಿಡಿ" ಎಂದ ಒಬ್ಬ ಹುಡುಗ. ಅದೇ ದಿನ ಪ್ರಕಟವಾದ ಇನ್ನೊಂದು ಸೂಚನೆಯನ್ನು ಅವಳು ಅವನ ಕಡೆ ತಿರುಗಿಸಿದಳು. ಸುಡೊದ ಹೋಸ್ಟ್ ಆಯ್ಕೆಯಲ್ಲಿ ಬೇರೊಂದು ತೂತು, 1.8.8ನೇ ಆವೃತ್ತಿಯಿಂದ ಇದ್ದದ್ದು, 12 ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಡೆಬಿಯನ್ ಯಂತ್ರಕ್ಕೂ ಅವತ್ತೇ ಪ್ಯಾಚ್ ಹಾಕಿದರು.